ಆಟದ ಅಪಾಯವೂ ಆಡುವವನ ಹೊಣೆಯೂ

ಭಯವು ದೇಹಧರ್ಮಗಳಲ್ಲಿ ಒಂದು. ಎತ್ತರದಲ್ಲಿ ನಿಂತು ಕೆಳಗೆ ನೋಡಿದಾಗ ಕಾಲು ನಡುಗುವುದೂ, ಬೆಂಕಿಯ ಬಳಿ ಕೈ ತಾನಾಗಿ ಹಿಂದಕ್ಕೆ ಸರಿಯುವುದೂ ಯಾರೂ ಕಲಿಸಿಕೊಟ್ಟ ವಿದ್ಯೆಗಳಲ್ಲ. ಹೀಗಿದ್ದರೂ ಮನುಷ್ಯನು ಅಪಾಯದ ಎದುರಿಗೆ ತಾನಾಗಿ ಹೋಗಿ ನಿಲ್ಲುವುದುಂಟು. ಬೆಸ್ತನು ಹೊಟ್ಟೆಪಾಡಿಗಾಗಿ ಕಡಲಿಗಿಳಿಯುತ್ತಾನೆ. ಸೈನಿಕನು ಕರ್ತವ್ಯಕ್ಕಾಗಿ ಗಡಿಯಲ್ಲಿ ನಿಲ್ಲುತ್ತಾನೆ. ಬಾವಿ ತೋಡುವವನು ಊರಿನ ನೀರಿಗಾಗಿ ಭೂಮಿಯ ಆಳಕ್ಕೆ ಹೋಗುತ್ತಾನೆ. ಇವರಿಗೆ ಕೇಡು ಬಂದರೆ ಲೋಕವು ಮರುಗುತ್ತದೆ. 'ಇವನೇಕೆ ಅಲ್ಲಿಗೆ ಹೋದನು?' ಎಂದು ಯಾರೂ ಕೇಳುವುದಿಲ್ಲ. ಆದರೆ ಹೊಟ್ಟೆಯ ಒತ್ತಾಯವಾಗಲಿ ಕರ್ತವ್ಯದ ಕರೆಯಾಗಲಿ ಇಲ್ಲದೆ, ಕೇವಲ ಸಂತೋಷಕ್ಕಾಗಿ ಅಪಾಯವನ್ನು ಅರಸಿ ಹೋದವನು ಗಾಯಗೊಂಡರೆ ಅದರ ಹೊಣೆ ಯಾರದು? ಅವನಿಂದ ಇನ್ನೊಬ್ಬನು ಗಾಯಗೊಂಡರೆ ಆ ಹೊಣೆ ಯಾರದು? 'ಆಟವೆಂದ ಮೇಲೆ ಬೀಳುವುದೂ ಏಳುವುದೂ ಇದ್ದದ್ದೇ' ಎಂಬ ಮಾತು ಎಲ್ಲಿಯವರೆಗೆ ಸಲ್ಲುತ್ತದೆ? ಹಿಮಜಾರಾಟವೆಂಬ ಒಂದು ಆಟವನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ. ಈ ಆಟದಲ್ಲಿ ಅಪಾಯವು ಪೂರ್ಣವಾಗಿ ಸ್ವೇಚ್ಛೆಯಿಂದ ಕೈಕೊಂಡದ್ದಾದುದರಿಂದ ಹೊಣೆಯ ವಿಚಾರವು ಬೇರೆ ಯಾವುದರ ಸೋಂಕೂ ಇಲ್ಲದೆ ನಿಚ್ಚಳವಾಗಿ ಕಾಣುತ್ತದೆ.

ನಮ್ಮ ನಾಡಿನ ವಾಚಕರಲ್ಲಿ ಹಿಮವನ್ನು ಕಣ್ಣಾರೆ ಕಂಡವರು ವಿರಳರಾದುದರಿಂದ ಆಟದ ಸ್ವರೂಪವನ್ನು ಮೊದಲು ಸಂಗ್ರಹವಾಗಿ ಹೇಳಬೇಕು. ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಳ್ಳುವ, ಮುಂದಿನ ತುದಿ ಮೇಲಕ್ಕೆ ಬಾಗಿದ, ಉದ್ದವಾದ ಕಿರಿದು ಹಲಗೆ. ನಾರ್ವೆ, ಸ್ವೀಡನ್ ಮೊದಲಾದ ಉತ್ತರದೇಶಗಳಲ್ಲಿ ಸಾವಿರಾರು ವರ್ಷಗಳಿಂದ ಜನರು ಇದನ್ನು ಬೇಟೆಗೂ ಪ್ರಯಾಣಕ್ಕೂ ಬಳಸುತ್ತ ಬಂದರು. ಅಲ್ಲಿ ಅದು ನಮ್ಮ ಎತ್ತಿನ ಬಂಡಿಯಂತೆ ಬಾಳುವೆಯ ಸಾಧನವಾಗಿತ್ತು. ೧೯ನೆಯ ಶತಮಾನದಲ್ಲಿ ನಾರ್ವೆಯ ಟೆಲೆಮಾರ್ಕ್ ಪ್ರಾಂತದ ಸೊಂಡ್ರೆ ನಾರ್ಹೈಮ್ ಎಂಬವನು (೧೮೨೫–೧೮೯೭) ಹಿಮ್ಮಡಿಯನ್ನು ಬಳಸಿ ಬರುವ ಕಟ್ಟನ್ನು ಪ್ರಚಾರಕ್ಕೆ ತಂದು, ಹಲಗೆಯನ್ನು ತಿರುಗಿಸುವ ಹೊಸ ಚಮತ್ಕಾರವನ್ನು ತೋರಿಸಿದನು. ಅಲ್ಲಿಂದ ಮುಂದೆ ಬಾಳುವೆಯ ಸಾಧನವು ವಿನೋದದ ಸಾಧನವಾಯಿತು. ೧೯೨೪ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ಮೊದಲಾದವು. ೧೯೩೬ರಲ್ಲಿ ಕಡಿದಾದ ಇಳಿಜಾರಿನಲ್ಲಿ ಇಳಿಯುವ ಸ್ಪರ್ಧೆಯೂ ಅವುಗಳಲ್ಲಿ ಸೇರಿತು. ಇಂದು ಆಲ್ಪ್ಸ್ ಪರ್ವತಗಳಲ್ಲಿಯೂ ಅಮೆರಿಕದಲ್ಲಿಯೂ ಲಕ್ಷಾಂತರ ಜನರು ತಂತಿಯ ಮೇಲೆ ಸಾಗುವ ಲಿಫ್ಟುಗಳಲ್ಲಿ ಬೆಟ್ಟವನ್ನೇರಿ, ಹಸನುಮಾಡಿದ ಜಾರುದಾರಿಗಳಲ್ಲಿ ಕೆಳಗಿಳಿಯುತ್ತಾರೆ. ನಮ್ಮ ದೇಶದಲ್ಲಿಯೂ ಕಾಶ್ಮೀರದ ಗುಲ್ಮರ್ಗ, ಉತ್ತರಾಖಂಡದ ಔಲಿ ಮೊದಲಾದೆಡೆ ಈ ಆಟ ಬೆಳೆದಿದೆ.

ಗಂಟೆಗೆ ೪೦ ಕಿಲೋಮೀಟರ್ ವೇಗವು ಈ ಆಟದಲ್ಲಿ ಸಾಧಾರಣರಿಗೂ ಸಾಧ್ಯ. ವೇಗವು ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಮಡಿಯಾಗುವುದೆಂಬುದು ಭೌತಶಾಸ್ತ್ರದ ನಿಯಮ. ಆದರೂ ಗಾಯಗಳು ಜನರು ಊಹಿಸುವಷ್ಟು ಹೆಚ್ಚಲ್ಲ: ಸಾವಿರ ಮಂದಿ ಒಂದು ದಿನ ಆಡಿದರೆ ಅವರಲ್ಲಿ ಸುಮಾರಾಗಿ ಇಬ್ಬರು ಮೂವರು ಚಿಕಿತ್ಸೆ ಬೇಕಾಗುವಂತೆ ಗಾಯಗೊಳ್ಳುತ್ತಾರೆಂದು ದೀರ್ಘಕಾಲದ ಗಣನೆಗಳು ಹೇಳುತ್ತವೆ. ಹಿಂದೆ ಮೊಣಕಾಲಿನ ಕೆಳಗಿನ ಎಲುಬು ಮುರಿಯುವುದು ಈ ಆಟದ ಕುಖ್ಯಾತ ಗಾಯವಾಗಿತ್ತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಯಾಲ್ಮಾರ್ ಹ್ವಾಮ್ ಎಂಬ ಆಟಗಾರನು ೧೯೩೭ರಲ್ಲಿ ತನ್ನ ಕಾಲನ್ನು ಮುರಿದುಕೊಂಡ ಬಳಿಕ, ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳುವ ಕೊಂಡಿಯೊಂದನ್ನು ಕಲ್ಪಿಸಿದನು. ಅಂಥ ಕೊಂಡಿಗಳೂ ಒಳ್ಳೆಯ ಬೂಟುಗಳೂ ಬೆಳೆದಂತೆ ಎಲುಬು ಮುರಿಯುವುದು ೧೯೭೦ರ ದಶಕದಿಂದೀಚೆಗೆ ಬಹಳವಾಗಿ ತಗ್ಗಿತು. ಆದರೆ ಮೊಣಕಾಲಿನೊಳಗಿನ ಕಟ್ಟುನರಗಳು ಹರಿಯುವುದು ಹಾಗೆ ತಗ್ಗಲಿಲ್ಲ. ಇಂದು ಈ ಆಟದಲ್ಲಿ ಅತಿಯಾಗಿ ಕಾಡುವ ಗಂಭೀರ ಗಾಯ ಅದೇ ಆಗಿದೆ. ಅಪಾಯವನ್ನು ಒಂದು ಕಡೆ ಒತ್ತಿದರೆ ಅದು ಮತ್ತೊಂದು ಕಡೆ ತಲೆಯೆತ್ತುವುದೆಂಬುದಕ್ಕೆ ಇದೊಂದು ಸಾಕ್ಷಿ.

ಈಗ ಪ್ರಕೃತ ವಿಚಾರಕ್ಕೆ ಬರೋಣ. ಪೂರ್ವಪಕ್ಷವು ಹೀಗಿದೆ: "ಅಪಾಯವಿದೆಯೆಂದು ತಿಳಿದೇ ಆಟಗಾರನು ಬೆಟ್ಟವನ್ನೇರಿದನು. ದೇಹ ಅವನದು, ಇಚ್ಛೆ ಅವನದು, ಸಂತೋಷವೂ ಅವನದು. ಆದುದರಿಂದ ನೋವೂ ಅವನದೇ. ಒಪ್ಪಿಕೊಂಡು ಬಂದವನಿಗೆ ಅನ್ಯಾಯವಾಯಿತೆಂಬ ಮಾತೇ ಇಲ್ಲ." ರೋಮನರ ಕಾಲದಿಂದ ಪಾಶ್ಚಾತ್ಯ ನ್ಯಾಯಶಾಸ್ತ್ರದಲ್ಲಿ ನೆಲೆಗೊಂಡ ಸೂತ್ರವೊಂದರ ಅಭಿಪ್ರಾಯವೂ ಇದೇ. ಈ ಪಕ್ಷದಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ತಾನೇ ಆರಿಸಿಕೊಂಡ ಕಷ್ಟಕ್ಕೆ ನೆರೆಯವನನ್ನು ದೂರುವುದು ಪುರುಷಲಕ್ಷಣವಲ್ಲ. ಆದರೆ ಒಪ್ಪಿಗೆಯೆಂಬುದು ಎಲ್ಲವನ್ನೂ ಮುಚ್ಚುವ ಕಂಬಳಿಯಲ್ಲ. ಅದಕ್ಕೆ ಮೂರು ಎಲ್ಲೆಗಳಿವೆ. ಒಂದು, ತಿಳಿದಿರುವುದಕ್ಕೆ ಮಾತ್ರವೇ ಮನುಷ್ಯನು ಒಪ್ಪಬಲ್ಲನು. ಎರಡು, ಆಟಕ್ಕೆ ಸಹಜವಾದ ಅಪಾಯವನ್ನು ಒಪ್ಪಿದವನು ಪರರ ಅಜಾಗರೂಕತೆಯನ್ನೂ ಒಪ್ಪಿದನೆಂದು ತಿಳಿಯಬಾರದು. ಮೂರು, ತನ್ನದಾದುದನ್ನು ಮಾತ್ರವೇ ಅವನು ಪಣವಿಡಬಲ್ಲನು.

ಮೊದಲ ಎರಡು ಎಲ್ಲೆಗಳು ಕಾಲಕ್ರಮದಲ್ಲಿ ಹೇಗೆ ಸ್ಪಷ್ಟವಾದವೆಂಬುದನ್ನು ಅಮೆರಿಕದ ವರ್ಮಾಂಟ್ ಸಂಸ್ಥಾನದ ಎರಡು ವ್ಯಾಜ್ಯಗಳು ತೋರಿಸುತ್ತವೆ. ಹಿಮದಲ್ಲಿ ಹುದುಗಿದ್ದ ಮರದ ಮೋಟಿಗೆ ತಾಗಿ ಗಾಯಗೊಂಡ ಮಹಿಳೆಯೊಬ್ಬಳು ಹೂಡಿದ ದಾವೆಯನ್ನು ೧೯೫೧ರಲ್ಲಿ ನ್ಯಾಯಾಲಯವು ಮಾನ್ಯಮಾಡಲಿಲ್ಲ. ಅಂಥ ಅಪಾಯವು ಆಟದೊಳಗಿನದೇ ಎಂದು ಅದು ತೀರ್ಮಾನಿಸಿತು. ಮುಂದೆ ೧೯೭೪ರಲ್ಲಿ ಅದೇ ಸಂಸ್ಥಾನದ ಸ್ಟ್ರಾಟನ್ ಬೆಟ್ಟದಲ್ಲಿ, ಹೊಸಬರಿಗಾಗಿಯೇ ಇದ್ದ ಜಾರುದಾರಿಯಲ್ಲಿ, ಹಿಮದಡಿಯ ಸಣ್ಣ ಪೊದೆಗೆ ಹಲಗೆ ಸಿಕ್ಕಿಕೊಂಡು ಯುವಕನೊಬ್ಬನು ಬಿದ್ದನು. ಅವನ ಕೈಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು. ಪಂಚಾಯಿತರು ೧೫ ಲಕ್ಷ ಡಾಲರುಗಳ ಪರಿಹಾರವನ್ನು ವಿಧಿಸಿದರು. ೧೯೭೮ರಲ್ಲಿ ಸಂಸ್ಥಾನದ ಉಚ್ಚ ನ್ಯಾಯಪೀಠವು ಅದನ್ನು ಎತ್ತಿಹಿಡಿಯಿತು. ಈ ನಡುವೆ ಬದಲಾದುದೇನು? ಮೋಟಿಗೂ ಪೊದೆಗೂ ಹೇಳಿಕೊಳ್ಳುವಂಥ ಭೇದವಿಲ್ಲ. ಆದರೆ ಅಷ್ಟರಲ್ಲಿ ಜಾರುದಾರಿಗಳನ್ನು ಯಂತ್ರಗಳಿಂದ ಹಸನುಮಾಡುವ ಸಾಮರ್ಥ್ಯ ಬೆಳೆದಿತ್ತು. ಹಸನಾದ ದಾರಿಯೆಂದು ಹೇಳಿಯೇ ಜನರನ್ನು ಕರೆಯುತ್ತಿದ್ದರು. ತೆಗೆಯಲು ಶಕ್ತಿಯಿಲ್ಲದಿದ್ದಾಗ ಯಾವುದು ವಿಧಿಯಾಗಿತ್ತೋ, ಶಕ್ತಿ ಬಂದಮೇಲೆ ಅದೇ ಉಪೇಕ್ಷೆಯಾಯಿತು. ಈ ತೀರ್ಪಿನಿಂದ ಕಳವಳಗೊಂಡ ಬೆಟ್ಟದ ಒಡೆಯರ ಮೊರೆಯನ್ನು ಕೇಳಿ ಸಂಸ್ಥಾನದ ಶಾಸನಸಭೆಯು ಅದೇ ವರ್ಷ ಕಾಯಿದೆಯೊಂದನ್ನು ಮಾಡಿತು. ಆಟದಲ್ಲಿ ತೊಡಗಿದವನು ಆ ಆಟಕ್ಕೆ ಅನಿವಾರ್ಯವಾದ, ಕಣ್ಣಿಗೆ ತೋರುವ ಅಪಾಯಗಳನ್ನು ಒಪ್ಪಿದವನಾಗುತ್ತಾನೆಂಬುದು ಅದರ ಭಾವ. ಈ ಎರಡು ವಿಶೇಷಣಗಳನ್ನು ವಾಚಕರು ಗಮನಿಸಬೇಕು. ತೋರದ ಅಪಾಯವನ್ನೂ, ನಿವಾರಿಸಬಹುದಾಗಿದ್ದ ಅಪಾಯವನ್ನೂ ಒಪ್ಪಿಗೆಯ ಹೆಸರಿನಲ್ಲಿ ಆಟಗಾರನ ತಲೆಗೆ ಕಟ್ಟುವಂತಿಲ್ಲ.

ಇನ್ನು ಮೂರನೆಯ ಎಲ್ಲೆ. ಇದೇ ಮುಖ್ಯವಾದುದು. ಬೆಟ್ಟದ ಮೇಲೆ ಆಟಗಾರನು ಒಬ್ಬನೇ ಇರುವುದಿಲ್ಲ. ಅವನ ಕೆಳಗೆ ಅಂದೇ ಹಲಗೆ ಕಟ್ಟಿಕೊಂಡ ಹೊಸಬನಿರಬಹುದು, ಮುದುಕನಿರಬಹುದು, ಬಿದ್ದು ಏಳುತ್ತಿರುವ ಮಗುವಿರಬಹುದು. ಇವರೂ ಅಪಾಯವನ್ನು ಒಪ್ಪಿ ಬಂದವರೇ. ಆದರೆ ಅವರು ಒಪ್ಪಿದ್ದು ಬೆಟ್ಟದ ಅಪಾಯವನ್ನು, ಇನ್ನೊಬ್ಬನ ಮದದ ಅಪಾಯವನ್ನಲ್ಲ. ಅಂತರರಾಷ್ಟ್ರೀಯ ಸ್ಕೀ ಸಂಘವು ೧೯೬೭ರಲ್ಲಿ ಆಟಗಾರರ ನಡತೆಗೆ ಸಂಬಂಧಿಸಿದ ಹತ್ತು ನಿಯಮಗಳನ್ನು ಅಂಗೀಕರಿಸಿತು. ಅವು ರಾಜಶಾಸನಗಳಲ್ಲ, ಆದರೂ ಆಲ್ಪ್ಸ್ ಪ್ರದೇಶದ ನ್ಯಾಯಾಲಯಗಳು ಜಾಗರೂಕತೆಯನ್ನು ಅಳೆಯುವಾಗ ಅವುಗಳನ್ನೇ ಅಳತೆಗೋಲಾಗಿ ಹಿಡಿಯುತ್ತವೆ. ಪರರಿಗೆ ಕೇಡಾಗದಂತೆ ನಡೆಯಬೇಕೆಂಬುದು ಮೊದಲನೆಯ ನಿಯಮ. ತನ್ನ ಶಕ್ತಿ, ಹಿಮದ ಸ್ಥಿತಿ, ಹವೆ, ಜನಸಂದಣಿ ಇವುಗಳಿಗೆ ಅನುಸಾರವಾಗಿ ವೇಗವನ್ನು ಅಂಕೆಯಲ್ಲಿಡಬೇಕೆಂಬುದು ಎರಡನೆಯದು. ಹಿಂದಿನಿಂದ ಬರುವವನು ಮುಂದಿರುವವನಿಗೆ ಅಪಾಯವಾಗದಂತೆ ತನ್ನ ದಾರಿಯನ್ನು ಆರಿಸಿಕೊಳ್ಳಬೇಕೆಂಬುದು ಮೂರನೆಯದು. ಇಳಿಜಾರಿನಲ್ಲಿ ಹಿಂದಿನವನೆಂದರೆ ಮೇಲಿನವನು.

ಮೇಲಿರುವವನ ಮೇಲೆಯೇ ಹೊಣೆಯನ್ನು ಏಕೆ ಇಡಬೇಕು? ನಮ್ಮ ನೈಯಾಯಿಕರು ಕರ್ತೃವಿನ ಲಕ್ಷಣವನ್ನು ಹೇಳುವಾಗ ಜ್ಞಾನ, ಮಾಡಬೇಕೆಂಬ ಇಚ್ಛೆ, ಪ್ರಯತ್ನ ಈ ಮೂರನ್ನೂ ಉಳ್ಳವನೇ ಕರ್ತೃವೆಂದರು. ಮೇಲಿನವನಲ್ಲಿ ಈ ಮೂರೂ ಇವೆ. ಕೆಳಗಿನವನು ಅವನ ಕಣ್ಣಿಗೆ ಕಾಣುತ್ತಾನೆ. ಬಲಕ್ಕೆ ತಿರುಗುವುದೋ ಎಡಕ್ಕೆ ತಿರುಗುವುದೋ, ನಿಲ್ಲುವುದೋ ಎಂಬ ಆಯ್ಕೆ ಅವನ ಕೈಯಲ್ಲಿದೆ. ವೇಗವನ್ನು ತಗ್ಗಿಸುವ ಪ್ರಯತ್ನ ಅವನಿಗೆ ಸಾಧ್ಯವಿದೆ. ಕೆಳಗಿನವನಿಗಾದರೋ ಬೆನ್ನಿನಲ್ಲಿ ಕಣ್ಣಿಲ್ಲ. ತನಗೆ ಬರಲಿರುವ ಕೇಡಿನ ಜ್ಞಾನವೇ ಇಲ್ಲದವನು ಅದನ್ನು ತಪ್ಪಿಸಲು ಇಚ್ಛಿಸುವುದೆಂತು, ಪ್ರಯತ್ನಿಸುವುದೆಂತು? ಆದುದರಿಂದ ಹೊಣೆಯು ನೋಟವನ್ನು ಹಿಂಬಾಲಿಸುತ್ತದೆ. 'ನನಗೆ ಕಾಣಿಸಲಿಲ್ಲ' ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. ಕಾಣಿಸದಷ್ಟು ವೇಗದಲ್ಲಿ ಬಂದುದು ಯಾರ ಇಚ್ಛೆಯಿಂದ? ನೋಡಬೇಕಾದಲ್ಲಿ ನೋಡದಿರುವುದನ್ನೇ ನಮ್ಮ ಶಾಸ್ತ್ರಗಳು ಪ್ರಮಾದವೆಂದು ಕರೆದಿವೆ. ಬೆಟ್ಟದ ಒಡೆಯನು ಪೊದೆಯ ವಿಷಯದಲ್ಲಿ ಹೊಣೆಗಾರನಾದುದೂ ಇದೇ ನ್ಯಾಯದಿಂದಲೇ. ಹಿಮದಡಿ ಏನಿದೆಯೆಂಬುದನ್ನು ತಿಳಿಯಬಲ್ಲವನು ಅವನು. ಆ ವಿಷಯದಲ್ಲಿ ಅವನೇ ಮೇಲಿನವನು.

ಹಾಗೆಂದು ಕೆಳಗಿನವನಿಗೆ ಕರ್ತವ್ಯವೇ ಇಲ್ಲವೆಂದು ತಿಳಿಯಬಾರದು. ಇಕ್ಕಟ್ಟಾದ ಅಥವಾ ದೂರದಿಂದ ಕಾಣದ ಸ್ಥಳದಲ್ಲಿ ಅವನು ಅಕಾರಣವಾಗಿ ನಿಲ್ಲಬಾರದು. ನಿಂತವನು ಮತ್ತೆ ಹೊರಡುವಾಗಲೂ, ಒಂದು ದಾರಿಯಿಂದ ಇನ್ನೊಂದನ್ನು ಹೊಗುವಾಗಲೂ, ಮೇಲ್ಮುಖವಾಗಿ ಚಲಿಸುವಾಗಲೂ ಮೇಲೆ ಕೆಳಗೆ ನೋಡಿಕೊಂಡು ಮುಂದುವರಿಯಬೇಕು. ಆ ಗಳಿಗೆಯಲ್ಲಿ ನೋಡಬಲ್ಲವನು ಅವನೇ ಆದುದರಿಂದ ಹೊಣೆಯೂ ಅವನ ಕಡೆಗೆ ವಾಲುತ್ತದೆ. ಅಮೆರಿಕದ ಯೂಟಾ ಸಂಸ್ಥಾನದ ಡಿಯರ್ ವ್ಯಾಲಿಯಲ್ಲಿ ೨೦೧೬ರಲ್ಲಿ ಚಲನಚಿತ್ರನಟಿ ಗ್ವಿನೆತ್ ಪ್ಯಾಲ್ಟ್ರೋ ಅವರಿಗೂ ವೃದ್ಧರೊಬ್ಬರಿಗೂ ಡಿಕ್ಕಿಯಾಯಿತು. ಆ ವೃದ್ಧರು ಮೂರು ಲಕ್ಷ ಡಾಲರುಗಳಿಗೂ ಮಿಕ್ಕ ಪರಿಹಾರವನ್ನು ಕೇಳಿದರು. ನಟಿಯು ಎದುರುದಾವೆಯಲ್ಲಿ ಕೇವಲ ಒಂದು ಡಾಲರನ್ನು ಕೇಳಿದರು. ೨೦೨೩ರ ಮಾರ್ಚಿಯಲ್ಲಿ ನಡೆದ ವಿಚಾರಣೆಯಲ್ಲಿ ವೈದ್ಯರೂ ಗತಿಶಾಸ್ತ್ರಜ್ಞರೂ ಸಾಕ್ಷ್ಯ ನುಡಿದರು. ಆದರೆ ಅಷ್ಟೆಲ್ಲ ವಾದವೂ ಸುತ್ತಿದ್ದು ಒಂದೇ ಪ್ರಶ್ನೆಯನ್ನು: ಡಿಕ್ಕಿಯ ಕ್ಷಣದಲ್ಲಿ ಮೇಲಿದ್ದವರು ಯಾರು? ಪಂಚಾಯಿತರು ನಟಿಯ ಪರವಾಗಿ ತೀರ್ಪಿತ್ತರು. ಕೀರ್ತಿಯಾಗಲಿ ಸಂಪತ್ತಾಗಲಿ ವಯಸ್ಸಾಗಲಿ ಅಲ್ಲಿ ಪ್ರಶ್ನೆಯಾಗಲಿಲ್ಲ. ನೋಟ ಯಾರಿಗಿತ್ತೆಂಬುದು ಪ್ರಶ್ನೆಯಾಯಿತು.

ಇದಕ್ಕಿಂತ ದಾರುಣವಾದ ಘಟನೆಯೊಂದು ೨೦೦೯ರ ಜನವರಿ ೧ರಂದು ಆಸ್ಟ್ರಿಯಾ ದೇಶದ ಸ್ಟೈರಿಯಾ ಪ್ರಾಂತದಲ್ಲಿ ನಡೆಯಿತು. ಜರ್ಮನಿಯ ಥುರಿಂಗಿಯಾ ರಾಜ್ಯದ ಅಂದಿನ ಮುಖ್ಯಮಂತ್ರಿ ಡೀಟರ್ ಆಲ್ಟ್‌ಹೌಸ್ ಅವರು ಎರಡು ಜಾರುದಾರಿಗಳು ಕೂಡುವ ಸ್ಥಳದಲ್ಲಿ, ತಜ್ಞರ ವರದಿಯಂತೆ, ಇನ್ನೊಂದು ದಾರಿಯನ್ನು ಹೊಕ್ಕು ಇಳಿದುಬರುವವರಿಗೆ ಎದುರಾಗಿ ಚಲಿಸಿದರು. ಕೆಳಗಿಳಿದು ಬರುತ್ತಿದ್ದ ಮಹಿಳೆಯೊಬ್ಬರಿಗೆ ಡಿಕ್ಕಿಯಾಯಿತು. ಆಕೆ ಮರಣಹೊಂದಿದರು. ಮುಖ್ಯಮಂತ್ರಿಗಳು ತಲೆಗೆ ಹೆಲ್ಮೆಟ್ ಧರಿಸಿದ್ದರು. ಅವರಿಗೂ ಮೆದುಳಿಗೆ ತೀವ್ರವಾದ ಪೆಟ್ಟಾಯಿತಾದರೂ ಬದುಕಿ ಉಳಿದರು. ಆ ಮಹಿಳೆ ಹೆಲ್ಮೆಟ್ ಧರಿಸಿರಲಿಲ್ಲ. ಅದೇ ವರ್ಷದ ಮಾರ್ಚಿಯಲ್ಲಿ ಆಸ್ಟ್ರಿಯಾದ ನ್ಯಾಯಾಲಯವು ಅಜಾಗರೂಕತೆಯಿಂದಾದ ಮರಣಕ್ಕಾಗಿ ಅವರನ್ನು ದೋಷಿಯೆಂದು ನಿರ್ಣಯಿಸಿ ೩೩,೩೦೦ ಯೂರೋ ದಂಡವನ್ನು ವಿಧಿಸಿತು. ಆ ಘಟನೆಯ ಬಳಿಕ ಜರ್ಮನಿ, ಆಸ್ಟ್ರಿಯಾಗಳಲ್ಲಿ ಹೆಲ್ಮೆಟ್ಟುಗಳ ಮಾರಾಟ ಬಹುವಾಗಿ ಹೆಚ್ಚಿತು. ಹೆಚ್ಚಿದುದು ಒಳ್ಳೆಯದೇ. ಆದರೆ ಲೋಕವು ಆ ಮರಣದಿಂದ ಕಲಿತ ಪಾಠವು 'ನನ್ನ ತಲೆಯನ್ನು ನಾನು ಕಾಪಾಡಿಕೊಳ್ಳಬೇಕು' ಎಂಬುದಾಯಿತೇ ಹೊರತು, 'ದಾರಿ ಕೂಡುವಲ್ಲಿ ನಾನು ನಿಂತು ನೋಡಬೇಕು' ಎಂಬುದು ಅಷ್ಟಾಗಿ ಕೇಳಿಬರಲಿಲ್ಲ. ಆ ದಿನ ಸತ್ತವರಿಗೆ ಬೇಕಾಗಿದ್ದುದು ಎರಡನೆಯ ಪಾಠ.

ಈ ಪ್ರಸಂಗದಿಂದ ಎರಡು ಸೂಕ್ಷ್ಮಪ್ರಶ್ನೆಗಳು ಹುಟ್ಟುತ್ತವೆ. ಆಲ್ಟ್‌ಹೌಸ್ ಅವರಿಗೆ ಪೆಟ್ಟಿನ ಕಾರಣದಿಂದ ಆ ಘಟನೆಯ ನೆನಪೇ ಉಳಿದಿರಲಿಲ್ಲ. ತಾನು ಮಾಡಿದುದು ತನಗೇ ತಿಳಿಯದಿರುವಾಗ ಮನುಷ್ಯನು ಅದಕ್ಕೆ ಹೊಣೆಯಾಗುವನೆ? ಆಗುವನು. ಜ್ಞಾನ, ಇಚ್ಛೆ, ಪ್ರಯತ್ನಗಳು ಕಾರ್ಯದ ಕಾಲದಲ್ಲಿ ಇರಬೇಕೇ ವಿನಾ ವಿಚಾರಣೆಯ ಕಾಲದಲ್ಲಿ ಅಲ್ಲ. ಸಾಲದ ಪತ್ರ ಕಳೆದುಹೋದರೆ ಸಾಲ ತೀರಿದಂತಾಗುವುದಿಲ್ಲ. ಎರಡನೆಯ ಪ್ರಶ್ನೆ ಇನ್ನೂ ಕಠಿನವಾದುದು. ಅದೇ ಚಳಿಗಾಲದಲ್ಲಿ ಎಷ್ಟೋ ಮಂದಿ ನೋಡದೆಯೇ ದಾರಿಗಳನ್ನು ಹೊಕ್ಕಿರಬಹುದು. ಅವರೆದುರಿಗೆ ಯಾರೂ ಬರಲಿಲ್ಲ. ಅವರು ಸಂಜೆ ಮನೆಗೆ ಹೋಗಿ ಸುಖವಾಗಿ ಉಂಡರು. ಮಾಡಿದುದು ಒಂದೇ ಆಗಿರುವಾಗ ಒಬ್ಬನು ದೋಷಿ, ಮಿಕ್ಕವರು ನಿರ್ದೋಷಿಗಳು ಎನ್ನುವುದು ನ್ಯಾಯವೆ? ಇದಕ್ಕೆ ಸಮಾಧಾನವನ್ನು ಹೀಗೆ ಹೇಳಬಹುದು: ದೋಷ ಬೇರೆ, ಋಣ ಬೇರೆ. ನೋಡದೆ ಹೊಕ್ಕವರೆಲ್ಲರ ದೋಷವೂ ಸಮಾನ. ಆದರೆ ಒಬ್ಬನ ದೋಷದಿಂದ ಒಂದು ಮನೆಯ ದೀಪ ನಂದಿತು; ಆ ಮನೆಗೆ ಅವನು ಋಣಿಯಾದನು. ಮಿಕ್ಕವರಿಗೆ ಋಣ ಹುಟ್ಟಲಿಲ್ಲ, ಅಷ್ಟೆ. ಕೇಡಾಗದಿದ್ದುದನ್ನೇ ತಮ್ಮ ಕುಶಲತೆಯ ಪ್ರಮಾಣವೆಂದು ಅವರು ತಿಳಿದರೆ, ಅದೃಷ್ಟವನ್ನು ಸದ್ಗುಣವೆಂದು ಭ್ರಮಿಸಿದಂತಾಯಿತು. ಡಿಕ್ಕಿಯ ಸುದ್ದಿಯನ್ನೋದಿ ಪರರನ್ನು ನಿಂದಿಸುವವನು, ತಾನು ನೋಡದೆ ದಾಟಿಬಂದ ದಾರಿಗಳನ್ನು ಒಮ್ಮೆ ಎಣಿಸಿಕೊಳ್ಳುವುದು ಲೇಸು.

ಸಾಧನಗಳ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕಾಗಿದೆ. ಹೆಲ್ಮೆಟ್ಟು ತಲೆಯ ಗಾಯಗಳನ್ನು ಕಡಿಮೆಮಾಡುತ್ತದೆಂಬುದು ಸಿದ್ಧವಾದ ಸಂಗತಿ. ಆದರೆ ಅದನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು ೨೦ ಕಿಲೋಮೀಟರ್ ವೇಗದ ಪೆಟ್ಟಿಗೆ. ಆಟಗಾರನು ಹೋಗುವುದು ಅದರ ಇಮ್ಮಡಿ ವೇಗದಲ್ಲಿ. ತಲೆಗೆ ಕವಚವಿದೆಯೆಂಬ ಧೈರ್ಯದಿಂದ ಕಾಲಿಗೆ ವೇಗ ಬಂದರೆ ಕವಚವು ಕೊಟ್ಟುದನ್ನು ಮದವು ಕಸಿದುಕೊಂಡಂತಾಯಿತು. ಕಾಲಿನ ಕೊಂಡಿಯ ವಿಷಯ ಇನ್ನೂ ಬೋಧಪ್ರದವಾಗಿದೆ. ಎಷ್ಟು ಒತ್ತಡಕ್ಕೆ ಅದು ಬಿಚ್ಚಿಕೊಳ್ಳಬೇಕೆಂಬುದನ್ನು ಹೊಂದಿಸುವ ಕುಶಲಕರ್ಮಿಯು ಆಟಗಾರನ ತೂಕ, ಎತ್ತರ, ವಯಸ್ಸುಗಳನ್ನು ಕೇಳುತ್ತಾನೆ. ಬೂಟಿನ ಅಟ್ಟೆಯ ಉದ್ದವನ್ನು ನೋಡುತ್ತಾನೆ. ಕೊನೆಗೆ, ನೀವು ನಿಧಾನವಾಗಿ ಆಡುವವರೋ, ಮಧ್ಯಮರೋ, ರಭಸದಿಂದ ಆಡುವವರೋ ಎಂದು ಕೇಳುತ್ತಾನೆ. ತೂಕವನ್ನು ತಕ್ಕಡಿ ಹೇಳುತ್ತದೆ. ಈ ಕೊನೆಯ ಪ್ರಶ್ನೆಗೆ ಮನುಷ್ಯನೇ ಉತ್ತರ ಹೇಳಬೇಕು. ಅಲ್ಲಿ ಹೆಮ್ಮೆಗಾಗಿ ತನ್ನನ್ನು ದೊಡ್ಡವನೆಂದು ಹೇಳಿಕೊಂಡವನ ಕೊಂಡಿಯು ಬಿಗಿಯಾಗುತ್ತದೆ. ಬಿದ್ದಾಗ ಬಿಚ್ಚಬೇಕಾದುದು ಬಿಚ್ಚುವುದಿಲ್ಲ. ನುಡಿಯ ಹುಸಿಯು ಎಲುಬಿನಲ್ಲಿ ಫಲಿಸುತ್ತದೆ. ಶರಣರು ಅರಿವನ್ನೂ ಆಚಾರವನ್ನೂ ಬೇರ್ಪಡಿಸಿ ನೋಡಲಿಲ್ಲ. ತನ್ನ ಅಳತೆಯನ್ನು ಅರಿತು ಅದಕ್ಕೆ ತಕ್ಕಂತೆ ನಡೆಯುವುದರ ಬೆಲೆ ಎಷ್ಟೆಂಬುದನ್ನು ಈ ಸಣ್ಣ ಕೊಂಡಿಯೂ ತೋರಿಸಿಕೊಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಗಾಯಗೊಂಡವನನ್ನು ಕಂಡಕೂಡಲೆ ಅವನ ತಪ್ಪನ್ನು ಹುಡುಕುವ ಚಟವು ಲೋಕದಲ್ಲಿ ಬಹಳವಾಗಿದೆ. ಅದರ ಮೂಲದಲ್ಲಿ ಕರುಣೆಯಿಲ್ಲ, ಭಯವಿದೆ: ಅವನು ತಪ್ಪಿನಿಂದ ಬಿದ್ದನೆಂದಾದರೆ ನಾನು ಬೀಳಲಾರೆನೆಂಬ ಸಮಾಧಾನ. ಮೋಟಾರು ಪಂದ್ಯಗಳಲ್ಲಿ ಏಳು ಬಾರಿ ವಿಶ್ವವಿಜೇತರಾದ ಮೈಕೇಲ್ ಶೂಮಾಕರ್ ಅವರು ೨೦೧೩ರ ಡಿಸೆಂಬರ್ ೨೯ರಂದು ಫ್ರಾನ್ಸಿನ ಮೆರಿಬೆಲ್ ಬೆಟ್ಟದಲ್ಲಿ, ಗುರುತುಮಾಡಿದ ದಾರಿಯ ಅಂಚಿನಿಂದ ಕೆಲವೇ ಮೀಟರುಗಳಾಚೆ ಬಂಡೆಗೆ ತಾಗಿ ಬಿದ್ದು, ಹೆಲ್ಮೆಟ್ ಧರಿಸಿದ್ದರೂ ತಲೆಗೆ ಭೀಕರವಾದ ಪೆಟ್ಟು ತಿಂದರು. ತನಿಖೆಯನ್ನು ನಡೆಸಿದ ಅಧಿಕಾರಿಗಳು ೨೦೧೪ರಲ್ಲಿ ಯಾರ ಮೇಲೆಯೂ ಅಪರಾಧವನ್ನು ಹೊರಿಸದೆ ವಿಚಾರವನ್ನು ಮುಗಿಸಿದರು. ಅಸಾಧಾರಣ ವೇಗಗಳಲ್ಲಿ ಬಾಳಿದ ವ್ಯಕ್ತಿಗೆ ರಜೆಯ ದಿನದ ವಿಹಾರದಲ್ಲಿ ಈ ಗತಿ ಬಂದಿತು. ಕೆಲವು ಬೀಳುಗಳಿಗೆ ಕಾರಣವಿರುತ್ತದೆ, ಅಪರಾಧಿಯಿರುವುದಿಲ್ಲ. ಹೊಣೆಯ ವಿಚಾರವನ್ನು ಮಾಡುವವನು ಇದನ್ನು ಮರೆತರೆ ವಿಚಾರವು ಕ್ರೌರ್ಯವಾಗುತ್ತದೆ.

ಹಾಗಾದರೆ ಯಾರಿಗೂ ಡಿಕ್ಕಿ ಹೊಡೆಯದೆ, ದಾರಿಯನ್ನು ಬಿಟ್ಟು ಏಕಾಂತದ ಹಿಮದಲ್ಲಿ ತನ್ನ ಪ್ರಾಣವನ್ನು ಮಾತ್ರ ಪಣವಿಟ್ಟು ಆಡುವವನಿಗೆ ಯಾವ ಹೊಣೆಯೂ ಇಲ್ಲವಷ್ಟೆ? ಪೂರ್ವಪಕ್ಷದ ಕೊನೆಯ ಕೋಟೆ ಇದು. ಇದನ್ನು ಹಿಮಕುಸಿತದ ದೃಷ್ಟಾಂತದಿಂದ ಪರೀಕ್ಷಿಸೋಣ. ಹಿಮಕುಸಿತದಲ್ಲಿ ಸಿಕ್ಕಿ ಸಾಯುವ ಆಟಗಾರರಲ್ಲಿ ಬಹುಪಾಲು ಮಂದಿಯ ವಿಷಯದಲ್ಲಿ, ಆ ಕುಸಿತವನ್ನು ಎಬ್ಬಿಸಿದವರು ಅವರೇ ಅಥವಾ ಅವರ ಜತೆಯವರೇ ಆಗಿರುತ್ತಾರೆ. ಯೂರೋಪಿನಲ್ಲಿ ೧೯೯೩ರಿಂದ ಈ ಅಪಾಯವನ್ನು ಐದು ಮಟ್ಟಗಳಾಗಿ ಎಣಿಸಿ ಪ್ರಕಟಿಸುತ್ತಾರೆ. ಆಶ್ಚರ್ಯವೆಂದರೆ ಅತಿ ಹೆಚ್ಚು ಸಾವುಗಳಾಗುವುದು ಐದನೆಯ ಮಟ್ಟದಲ್ಲಲ್ಲ, ಮೂರನೆಯದರಲ್ಲಿ. ಐದನೆಯದೆಂದರೆ ಎಲ್ಲರೂ ಹೆದರಿ ಮನೆಯಲ್ಲಿರುತ್ತಾರೆ, ಮೂರನೆಯದೆಂದರೆ 'ನಡುವಿನದಷ್ಟೆ' ಎಂದು ಹೊರಡುತ್ತಾರೆ. ಹಿಮದಡಿ ಹೂತುಹೋದವನನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಅಗೆದು ತೆಗೆದರೆ ಬದುಕುವ ಸಂಭವ ಹೆಚ್ಚು. ಅನಂತರ ಆಸೆ ಬಹುಬೇಗ ಕುಗ್ಗುತ್ತದೆ. ಆದುದರಿಂದ ಅವನ ಪ್ರಾಣವು ನಿಜವಾಗಿ ಇರುವುದು ಜತೆಗಾರನ ಕೈಯ ಸಲಿಕೆಯಲ್ಲಿ.

ನಮ್ಮ ದೇಶದ ಗುಲ್ಮರ್ಗದಲ್ಲಿ ರೋಪ್‌ವೇಯು ಆಟಗಾರರನ್ನು ೩,೯೦೦ ಮೀಟರಿಗೂ ಮಿಕ್ಕ ಎತ್ತರದ ಅಫರ್ವಟ್ ಶಿಖರದ ಬಳಿಗೆ ಒಯ್ಯುತ್ತದೆ. ಅಲ್ಲಿ ೨೦೨೩ರ ಫೆಬ್ರುವರಿಯಲ್ಲಿ ಪೋಲೆಂಡ್ ದೇಶದ ಇಬ್ಬರೂ, ೨೦೨೪ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬನೂ ಹಿಮಕುಸಿತದಲ್ಲಿ ಪ್ರಾಣ ಕಳೆದುಕೊಂಡರು. ಎರಡು ಸಲವೂ ರಕ್ಷಣೆಯವರು ಅದೇ ಅಸ್ಥಿರವಾದ ಹಿಮದ ಮೇಲೆ ನಡೆದುಹೋಗಿ ಮಿಕ್ಕವರನ್ನು ಬದುಕಿಸಿ ತಂದರು. ಆ ರಕ್ಷಕರಿಗೆ ಆಟದ ಸಂತೋಷದಲ್ಲಿ ಪಾಲಿತ್ತೆ? ಇರಲಿಲ್ಲ. ಅಪಾಯದಲ್ಲಿ ಮಾತ್ರ ಪೂರ್ಣಪಾಲು ಇತ್ತು. ಕರೆ ಬಂದಾಗ 'ಅವನೇ ಆರಿಸಿಕೊಂಡನು, ಅವನೇ ಅನುಭವಿಸಲಿ' ಎಂದು ಅವರು ಹೇಳುವುದಿಲ್ಲ, ಹೇಳಬಾರದೆಂಬುದೇ ಮನುಷ್ಯಧರ್ಮ. ಹಾಗೆ ಹೇಳಲಾರದ ಜನರು ಇರುವವರೆಗೆ ಯಾವ ಆಟಗಾರನೂ ತನ್ನ ಪ್ರಾಣವನ್ನು ಮಾತ್ರವೇ ಪಣವಿಡಲಾರನು. ಮನೆಯಲ್ಲಿ ದಾರಿ ಕಾಯುವ ತಂದೆತಾಯಿಗಳ, ಹೆಂಡಿರುಮಕ್ಕಳ ಮಾತಂತಿರಲಿ. ದೇಹವು ನನ್ನದೆಂಬುದು ವ್ಯವಹಾರಕ್ಕೆ ಸಲ್ಲುವ ಮಾತು. ಆದರೆ ಅದರಲ್ಲಿ ಅನೇಕರ ಹಕ್ಕು ಸೇರಿದೆ.

ಇನ್ನೊಂದು ಆಕ್ಷೇಪವನ್ನು ಎತ್ತಬಹುದು: "ಹೀಗೆ ಹೆಜ್ಜೆಹೆಜ್ಜೆಗೂ ಹೊಣೆಯನ್ನು ಹೇರಿದರೆ ಆಟದ ಉಲ್ಲಾಸವೇ ಕೆಡುವುದಿಲ್ಲವೆ? ಬಾಳಿನಲ್ಲಿ ಸ್ವಲ್ಪ ಸಾಹಸವೂ ಬೇಡವೆ?" ಸಾಹಸವು ಬೇಡವೆಂದು ಈ ಲೇಖನವು ಹೇಳುವುದಿಲ್ಲ. ಭಯವನ್ನು ಗೆದ್ದು ದೇಹವನ್ನು ಅಂಕೆಯಲ್ಲಿಡುವುದು ಒಂದು ಶಿಕ್ಷಣವೇ ಸರಿ. ಆದರೆ ಸಾಹಸಕ್ಕೂ ಅವಿವೇಕಕ್ಕೂ ವ್ಯತ್ಯಾಸವುಂಟು. ಹವೆಯ ವರದಿಯನ್ನು ಓದಿ, ದಾರಿ ಬಲ್ಲವನನ್ನು ಜತೆಗೆ ಕರೆದುಕೊಂಡು, ಮಟ್ಟ ಹೆಚ್ಚಾಗಿದ್ದ ದಿನ ಹಿಂದಿರುಗಿ ಬರಬಲ್ಲವನೂ ಸಾಹಸಿಯೇ. ಮೇಲೇರಿದವನಿಗೆ ಹಿಂದಿರುಗುವುದಕ್ಕೆ ಬೇಕಾಗುವ ಧೈರ್ಯವು ಇಳಿಯುವುದಕ್ಕೆ ಬೇಕಾಗುವುದಕ್ಕಿಂತ ಕಡಿಮೆಯಲ್ಲ. ಇದಲ್ಲದೆ, ಮೇಲಿನವನು ತನ್ನನ್ನು ಕಾಯುವನೆಂಬ ನಂಬಿಕೆಯಿಂದಲೇ ಕೆಳಗಿನವನು ನಿಶ್ಚಿಂತನಾಗಿ ಆಡುತ್ತಾನೆ. ಆ ನಂಬಿಕೆಯು ಹೋದರೆ ಎಲ್ಲರೂ ಹಿಂದಿರುಗಿ ನೋಡುತ್ತ ನಿಲ್ಲಬೇಕಾಗುವುದು; ಆಗ ಆಟವೆಲ್ಲಿ? ಉಲ್ಲಾಸವನ್ನು ಕೆಡಿಸುವುದು ಹೊಣೆಗೇಡಿತನ. ಹೊಣೆಯು ಅದನ್ನು ಕಾಯುತ್ತದೆ.

ಎಷ್ಟು ಎಚ್ಚರವಿದ್ದರೂ ಕೇಡು ಸಂಭವಿಸಬಹುದು. ಆಗ ಮಾಡಬೇಕಾದುದೇನು? ಮೇಲೆ ಹೇಳಿದ ಹತ್ತು ನಿಯಮಗಳಲ್ಲಿ ಕೊನೆಯ ಎರಡು ಇದನ್ನು ಕುರಿತವು. ಅಪಘಾತವಾದಲ್ಲಿ ನೆರವಾಗುವುದು ಪ್ರತಿಯೊಬ್ಬ ಆಟಗಾರನ ಕರ್ತವ್ಯವೆಂದು ಒಂಬತ್ತನೆಯದು ಹೇಳುತ್ತದೆ. ತಪ್ಪು ತನ್ನದಿರಲಿ ಇಲ್ಲದಿರಲಿ, ಭಾಗಿಯಾದವನೂ ಕಣ್ಣ ಮುಂದೆ ಕಂಡವನೂ ತಮ್ಮ ಹೆಸರು ವಿಳಾಸಗಳನ್ನು ತಿಳಿಸಬೇಕೆಂದು ಹತ್ತನೆಯದು ವಿಧಿಸುತ್ತದೆ. ವೇಗವಾಗಿ ಇಳಿಯುವ ಆಟದಲ್ಲಿ ಓಡಿಹೋಗುವುದು ಬಹು ಸುಲಭ; ಕ್ಷಣದಲ್ಲಿ ಕಣ್ಮರೆಯಾಗಬಹುದು, ಮುಖವನ್ನು ಕನ್ನಡಕವೂ ಹೆಲ್ಮೆಟ್ಟೂ ಮರೆಮಾಡಿರುತ್ತವೆ. ಅಂಥಲ್ಲಿ ನಿಂತು, ಬಿದ್ದವನ ಬಳಿಗೆ ಹೋಗಿ, 'ನಾನು ಇಂಥವನು' ಎಂದು ಹೇಳುವುದು ಸಾಮಾನ್ಯವಾದ ಗುಣವಲ್ಲ. ಇಟಲಿ ದೇಶವು ೨೦೨೨ರಿಂದ, ಪರರಿಗಾಗುವ ಹಾನಿಗೆ ಪರಿಹಾರ ಕೊಡಬಲ್ಲ ವಿಮೆಯಿಲ್ಲದೆ ಯಾರೂ ಜಾರುದಾರಿಗೆ ಇಳಿಯಕೂಡದೆಂದು ಕಾಯಿದೆ ಮಾಡಿದೆ. ಇದು ಒಳ್ಳೆಯ ಏರ್ಪಾಡು. ಆದರೆ ವಿಮೆಯು ಹಣದ ಋಣವನ್ನು ತೀರಿಸೀತು; ನಿಂತು ಕೈಹಿಡಿದೆತ್ತುವ ಋಣವನ್ನು ತೀರಿಸಲು ಯಾವ ಸಂಸ್ಥೆಯೂ ಮುಂದೆ ಬರಲಾರದು.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟೆ. ಅಪಾಯವನ್ನು ಒಪ್ಪಿ ಆಟಕ್ಕಿಳಿದವನು ತನಗೆ ಬರಬಹುದಾದ ನೋವನ್ನು ದೂರಿಲ್ಲದೆ ತಾಳಲು ಒಪ್ಪಿದನು. ಆ ಒಪ್ಪಿಗೆಯು ಪರರ ಮೇಲೆ ನೋವನ್ನು ಹಂಚುವ ಪರವಾನಗಿಯಾಗಲಾರದು. ಯಾರಿಗೆ ಹೆಚ್ಚು ಕಾಣುತ್ತದೆಯೋ, ಯಾರಿಗೆ ವೇಗವೂ ಆಯ್ಕೆಯೂ ಹೆಚ್ಚಾಗಿವೆಯೋ, ಅವನ ಹೊಣೆಯೂ ಅಷ್ಟು ಹೆಚ್ಚು. ಬೆಟ್ಟದ ಮೇಲೆ ಇದು ಕಣ್ಣಿಗೆ ಕಾಣುವಂತಿದೆ; ಏಕೆಂದರೆ ಅಲ್ಲಿ ಮೇಲು ಕೆಳಗುಗಳನ್ನು ನೆಲವೇ ತೋರಿಸುತ್ತದೆ. ಆದರೆ ಒಂದೇ ಇಳಿಜಾರಿನಲ್ಲಿ ಒಬ್ಬನಿಗೆ ಮೇಲಿನವನಾದವನು ಇನ್ನೊಬ್ಬನಿಗೆ ಕೆಳಗಿನವನಾಗಿರುತ್ತಾನೆಂಬುದನ್ನೂ ಮರೆಯಬಾರದು. ತನ್ನ ಬೆನ್ನ ಹಿಂದಿನವನು ಹೇಗೆ ಬರಬೇಕೆಂದು ತಾನು ಬಯಸುವನೋ ಹಾಗೆ ತನ್ನ ಮುಂದಿನವನ ಹಿಂದೆ ಬರುವುದೇ ಆಟಗಾರನ ಧರ್ಮವು.